25 ಬೇಡ, 15 ಸಾಕು: ಪುಣೆಯ ಹಳೆ ಬಾಕ್ಸ್‌ಸ್ಟರ್‌ಗೆ ಸ್ಪೇಸರ್ ಆರಿಸಿದ ಪ್ರಕರಣ

ಗಾಡಿ 2003ರ ಪೋರ್ಷೆ ಬಾಕ್ಸ್‌ಸ್ಟರ್ ಎಸ್. ಕಂಪನಿಯ ಲೆಕ್ಕದಲ್ಲಿ 986, ಅಂದರೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರು. 3.2 ಲೀಟರ್‌ನ ಆರು ಸಿಲಿಂಡರ್ ಎಂಜಿನ್, ಸೀಟಿನ ಬೆನ್ನಿಗೇ ಕೂತಿರುತ್ತದೆ. ಮಾಲೀಕರು ನಿಪ್ಪಾಣಿ ಮೂಲದ ಡಾಕ್ಟ್ರು, ಪುಣೆಯ ಕೊತ್ರೂಡ್‌ನಲ್ಲಿ ನೆಲೆಸಿದವರು. ಗಾಡಿ ವಾರಕ್ಕೊಮ್ಮೆ ಹೊರಗೆ ಬರುತ್ತದೆ, ಹಬ್ಬಕ್ಕೆ ಊರಿಗೆ ಹೋಗಿ ಬರುತ್ತದೆ.

ಅದರ ಮೂಲ ಚಕ್ರ 17 ಇಂಚಿನದು. ಡಾಕ್ಟ್ರಿಗೆ 18 ಇಂಚು ಬೇಕಿತ್ತು. ಪೋರ್ಷೆಯದೇ ಇನ್ನೊಂದು ಗಾಡಿಯಾದ 911ರ, 996 ಎಂಬ ತಲೆಮಾರಿನ ಒಂದು ಸೆಟ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮಾರಿದ ಅಂಗಡಿಯವರು ಹಿಂದಕ್ಕೆ 25 ಮಿ.ಮೀ., ಮುಂದಕ್ಕೆ 15 ಮಿ.ಮೀ. ದಪ್ಪದ ಸ್ಪೇಸರ್‌ಗಳನ್ನೂ (ಚಕ್ರವನ್ನು ಹೊರಕ್ಕೆ ಸರಿಸಲು ಅದರ ಹಿಂದೆ ಇಡುವ ಲೋಹದ ಬಿಲ್ಲೆಗಳು) ಉದ್ದದ ಬೋಲ್ಟ್‌ಗಳನ್ನೂ ಜೊತೆಗೆ ಪುಕ್ಕಟೆ ಕೊಟ್ಟು, ಹಾಕಿಯೂ ಕಳಿಸಿದರು. ಗಾಡಿ ನೋಡೋಕೆ ಚೆನ್ನಾಗಿಯೇ ಇತ್ತು. ಓಡಿಸೋಕೆ ಮಾತ್ರ ಆಗುತ್ತಿರಲಿಲ್ಲ. 90 ಕಿ.ಮೀ. ವೇಗ ದಾಟಿದರೆ ಸೀಟು ನಡುಗುತ್ತಿತ್ತು. ಇಬ್ಬರು ಕೂತು ಸ್ಪೀಡ್ ಬ್ರೇಕರ್ ಇಳಿದರೆ ಹಿಂದೆ ಕರ್ರ್ ಎಂದು ಟೈರ್ ಉಜ್ಜುವ ಸದ್ದು. ತೇಪೆ ಹಾಕಿದ ರಸ್ತೆಯಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯುತ್ತಿತ್ತು.

ನಾನು ಧಾರವಾಡದವನು, ಚಾಕಣ್‌ನಲ್ಲಿ ಸಸ್ಪೆನ್ಷನ್ ಕೆಲಸದಲ್ಲಿದ್ದೇನೆ. ಡಾಕ್ಟ್ರ ಪರಿಚಯವಾಗಿದ್ದು ಇಲ್ಲಿನ ಕನ್ನಡ ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ. ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಸ್ಪೇಸರ್ ಕೆಟ್ಟದ್ದೋ, ನನ್ನ ಚಕ್ರ ಕೆಟ್ಟದ್ದೋ, ಹೇಳ್ರಿ." ಮೊದಲ ತಪ್ಪು ಅವೆರಡರಲ್ಲೂ ಇರಲಿಲ್ಲ. ಸ್ಪೇಸರ್‌ನ ದಪ್ಪವನ್ನು ಮೊದಲು ತೀರ್ಮಾನಿಸಿ ಆಮೇಲೆ ಗಾಡಿಗೆ ಹಾಕಿದ್ದರು. ಅದು ಉಲ್ಟಾ ಆಗಬೇಕಿತ್ತು. ದಪ್ಪ ಅನ್ನೋದು ಲೆಕ್ಕ ಮಾಡಿದಾಗ ಕೊನೆಗೆ ಬರುವ ಸಂಖ್ಯೆ.

ಮೊದಲು, ಈ ಚಕ್ರ ಈ ಗಾಡಿಗೆ ಬರುತ್ತಾ? ಬರುತ್ತದೆ. 986 ಮತ್ತು 996 ಒಂದೇ ಕಾಲದಲ್ಲಿ ಒಟ್ಟಿಗೆ ಹುಟ್ಟಿದ ಗಾಡಿಗಳು, ಮುಂಭಾಗದ ಎಷ್ಟೋ ಭಾಗಗಳು ಎರಡಕ್ಕೂ ಒಂದೇ. ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಹಬ್‌ನ ಅಳತೆಯೂ ಒಂದೇ: ಐದು ಬೋಲ್ಟ್, ಅವುಗಳ ವೃತ್ತದ ವ್ಯಾಸ 130 ಮಿ.ಮೀ., ನಡುವಿನ ತೂತು 71.6 ಮಿ.ಮೀ., ಬೋಲ್ಟ್ 14 ಮಿ.ಮೀ. ದಪ್ಪ, ಪಿಚ್ (ದಾರದ ಒಂದು ಸುತ್ತಿನ ಅಂತರ) 1.5 ಮಿ.ಮೀ. ಹಾಗಾಗಿ ಚಕ್ರ ಸರಿಯಾಗಿ ಕೂರುತ್ತದೆ. ವ್ಯತ್ಯಾಸ ಇರುವುದು ಅಗಲದಲ್ಲಿ ಮತ್ತು ಇಟಿಯಲ್ಲಿ.

ಇಟಿ ಅಂದರೆ ಆಫ್‌ಸೆಟ್. ಚಕ್ರದ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಬದಿಗಿದೆಯೋ ಅಷ್ಟು ಇಟಿ. ಇಟಿ ಜಾಸ್ತಿ ಇದ್ದಷ್ಟೂ ಚಕ್ರ ಗಾಡಿಯ ಒಳಕ್ಕೆ ಸರಿಯುತ್ತದೆ. ಸ್ಪೇಸರ್ ಹಾಕಿದರೆ ಅದರ ದಪ್ಪವನ್ನು ಇಟಿಯಿಂದ ಕಳೆಯಬೇಕು. ಇಷ್ಟೇ ವಿಷಯ, ಆದರೆ ಇಲ್ಲೇ ಎಲ್ಲರೂ ತಪ್ಪುತ್ತಾರೆ.

ಡಾಕ್ಟ್ರ ಗಾಡಿಯ ಹಿಂದಿನ ಮೂಲ ಚಕ್ರ 8.5 ಇಂಚು ಅಗಲ, ಇಟಿ 50. ಹೊಸದಾಗಿ ತಂದದ್ದು 10 ಇಂಚು ಅಗಲ, ಇಟಿ 65. ಇಂಚನ್ನು ಮಿ.ಮೀ.ಗೆ ತಿರುಗಿಸಿ ಅರ್ಧ ಮಾಡಿ. ಹಳೆಯದರ ಅರ್ಧ ಅಗಲ 108. ಅದಕ್ಕೆ 50 ಕೂಡಿಸಿದರೆ ಹಬ್‌ನ ಮುಖದಿಂದ ಒಳಕ್ಕೆ 158, ಕಳೆದರೆ ಹೊರಕ್ಕೆ 58. ಹೊಸದರ ಅರ್ಧ ಅಗಲ 127. ಒಳಕ್ಕೆ 192, ಹೊರಕ್ಕೆ 62. ಅಂದರೆ ಸ್ಪೇಸರ್ ಇಲ್ಲದೆ ಹಾಕಿದರೆ ಹೊರಗಿನಿಂದ ನೋಡುವವರಿಗೆ 4 ಮಿ.ಮೀ. ಬದಲಾವಣೆ. ಒಳಗೆ ಮಾತ್ರ 34 ಮಿ.ಮೀ. ಆಳಕ್ಕೆ ನುಗ್ಗಿರುತ್ತದೆ.

ಪೋರ್ಷೆ ಈ ಗಾಡಿಗೆ ಕೊಡುತ್ತಿದ್ದ 18 ಇಂಚಿನ ಹಿಂದಿನ ಚಕ್ರ ಬೇರೆ. ಅದು 9 ಇಂಚು, ಇಟಿ 52. 911ರದ್ದು 10 ಇಂಚು, ಇಟಿ 65. ಎರಡೂ ಪೋರ್ಷೆ, ಎರಡೂ 18 ಇಂಚು, ಎರಡರ ಹೊರ ಅಂಚೂ ಸುಮಾರು 62ಕ್ಕೇ ಬರುತ್ತದೆ. ಅದಕ್ಕೇ "ಬಾಕ್ಸ್‌ಸ್ಟರ್‌ಗೆ 911ರ ಚಕ್ರ ಹಾಗೇ ಕೂರುತ್ತೆ" ಎಂಬ ಮಾತು ಓಡಾಡುತ್ತದೆ. ಹೊರಗೆ ನಿಂತು ನೋಡಿದರೆ ಕೂರುತ್ತದೆ ನಿಜ. ಗಾಡಿಯ ಕೆಳಗೆ ತಲೆ ಹಾಕಿ ನೋಡಬೇಕು.

ಹಾಗಾದರೆ ಸ್ಪೇಸರ್ ಎಷ್ಟು? ನನ್ನ ಲೆಕ್ಕ ಸರಳ. ಹೊಸ ಚಕ್ರದ ನಡುಗೆರೆಯನ್ನು ಕಂಪನಿ ಇಟ್ಟ ಜಾಗಕ್ಕೇ ವಾಪಸ್ ತರಬೇಕು. ಮೂಲ ಇಟಿ 50, ಹೊಸದು 65. ವ್ಯತ್ಯಾಸ 15. ಹದಿನೈದು ಮಿ.ಮೀ. ಸ್ಪೇಸರ್ ಹಾಕಿದರೆ ಹೆಚ್ಚಾದ ಒಂದೂವರೆ ಇಂಚು ಅಗಲ ಸರಿಸಮನಾಗಿ ಹಂಚಿಹೋಗುತ್ತದೆ: ಒಳಕ್ಕೆ 19, ಹೊರಕ್ಕೆ 19. ಭಾರ ಬೀಳುವ ನಡುಗೆರೆ ಇದ್ದಲ್ಲೇ ಇರುತ್ತದೆ. ಬೇರಿಂಗ್‌ಗೆ ಸನ್ನೆಕೋಲಿನಿಂದ ಮೀಟಿದಂತೆ ಹೊಸ ಹೊರೆ ಬೀಳುವುದಿಲ್ಲ. 25 ಹಾಕಿದಾಗ ಅದೇ ಗೆರೆ 10 ಮಿ.ಮೀ. ಹೊರಗೆ ಹೋಗಿತ್ತು, ಹೊರ ಅಂಚು 87ಕ್ಕೆ ಬಂದಿತ್ತು. ಸ್ಪೇಸರ್ ಹಾಕಿದರೆ ಬೇರಿಂಗ್ ಹಾಳಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಆಫ್‌ಸೆಟ್ ನೋಡದೆ ಹೇಳಿದರೆ ಆ ಮಾತಿಗೆ ಅರ್ಥವಿಲ್ಲ. ಇಟಿ 65ರ ಚಕ್ರಕ್ಕೆ 15 ಹಾಕುವುದೂ ಇಟಿ 50ರ ಚಕ್ರವನ್ನು ಹಾಗೇ ಹಾಕುವುದೂ ಬೇರಿಂಗ್ ಪಾಲಿಗೆ ಹೆಚ್ಚುಕಡಿಮೆ ಒಂದೇ.

ಆದರೆ ಕಾಗದದ ಲೆಕ್ಕ ನಂಬಿ ಗಾಡಿ ಓಡಿಸಬಾರದು. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್ ಸವೆದಿರುತ್ತದೆ, ಸ್ಪ್ರಿಂಗ್ ಕುಸಿದಿರುತ್ತದೆ, ಹಿಂದೆ ಯಾರೋ ಬಂಪರ್ ಬಿಚ್ಚಿ ಸ್ವಲ್ಪ ಆಚೀಚೆ ಕೂರಿಸಿರುತ್ತಾರೆ. ಎಡಬಲ ಒಂದೇ ಸಮ ಇರುವುದೇ ಅಪರೂಪ. ಅಳೆಯಲೇಬೇಕು.

ಅಳೆಯೋಕೆ ಬೇಕಾದ ಬಿಲ್ಲೆಗಳನ್ನು ಭೋಸರಿ ಎಂಐಡಿಸಿಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆವು. ಲೇತ್ ನಡೆಸುವವರು ವಿಜಯಪುರದ ಕಡೆಯವರು. 5 ಮತ್ತು 10 ಮಿ.ಮೀ. ದಪ್ಪದ ಉಕ್ಕಿನ ಬಿಲ್ಲೆಗಳು, ಒಂದರ ಮೇಲೊಂದು ಇಟ್ಟರೆ 5ರಿಂದ 25ರವರೆಗೆ ಐದೈದು ಮಿ.ಮೀ. ಹೆಚ್ಚಿಸುತ್ತಾ ನೋಡಬಹುದು. "ಸಾಹೇಬ್ರ, ಇದನ್ನ ಹಾಕ್ಕೊಂಡು ಗಾಡಿ ಓಡಸಬ್ಯಾಡ್ರಿ ಮತ್ತ" ಎಂದು ಅವರೇ ಎಚ್ಚರಿಸಿದರು. ಆ ಮಾತು ಸರಿ. ಬಿಲ್ಲೆ ಪೇರಿಸುವುದು ನಿಂತ ಗಾಡಿಯಲ್ಲಿ ಅಳತೆ ನೋಡೋಕೆ ಮಾತ್ರ. ರಸ್ತೆಗೆ ಇಳಿಯುವ ಸ್ಪೇಸರ್ ಒಂದೇ ತುಂಡಿನದ್ದಾಗಿರಬೇಕು.

ವಾರ್ಜೆಯ ಗ್ಯಾರೇಜಿನಲ್ಲಿ ಗಾಡಿ ಎತ್ತಿದೆವು. ಸ್ಪೇಸರ್ ಇಲ್ಲದೆ ಹಿಂದಿನ ಚಕ್ರ ಹಾಕಿದಾಗ ಟೈರಿನ ಒಳಗೋಡೆಗೂ ಸಸ್ಪೆನ್ಷನ್‌ಗೂ ನಡುವೆ ಉಳಿದದ್ದು ಎಡಕ್ಕೆ 3 ಮಿ.ಮೀ., ಬಲಕ್ಕೆ 5. ನಿಂತಾಗ ಇಷ್ಟಿದ್ದರೆ ತಿರುವಿನಲ್ಲಿ ಟೈರ್ ಬಾಗಿದಾಗ ಏನೂ ಉಳಿಯುವುದಿಲ್ಲ. ಎಡಬದಿಯಲ್ಲಿ 10ರ ಬಿಲ್ಲೆ ಇಟ್ಟಾಗ 13, 15 ಇಟ್ಟಾಗ 18. ಒಳಬದಿ ನಿರಾಳವಾಯಿತು.

ಹೊರಬದಿ ನೋಡೋಕೆ ಮಕ್ಕಳ ಆಟದ ಕ್ಲೇ ತಂದಿದ್ದೆವು. ಚಕ್ರದ ಮೇಲಿನ ಕಮಾನಿನ ಒಳಅಂಚಿಗೆ ಬೆರಳು ದಪ್ಪದ ಉಂಡೆಗಳನ್ನು ಸಾಲಾಗಿ ಅಂಟಿಸಿ, ಒಂದೇ ಚಕ್ರದ ಕೆಳಗೆ ಜಾಕ್ ಕೊಟ್ಟು ಸಸ್ಪೆನ್ಷನ್ ಪೂರ್ತಿ ಒತ್ತುವವರೆಗೆ ಎತ್ತಿದೆವು. ಕಮಾನಿನ ನೆತ್ತಿಯಲ್ಲಿ ಉಂಡೆಗೆ ಏನೂ ಆಗಲಿಲ್ಲ. ಚಕ್ರ ಮೇಲೇರಿದಂತೆ ಅದರ ತಲೆ ಒಳಕ್ಕೆ ವಾಲುತ್ತದೆ, ಕ್ಯಾಂಬರ್ ಎಂದು ಕರೆಯುವುದು ಅದನ್ನೇ, ಹಾಗಾಗಿ ನೆತ್ತಿಯಲ್ಲಿ ಜಾಗ ತಾನಾಗಿ ಸಿಗುತ್ತದೆ. ಚಪ್ಪಟೆಯಾದದ್ದು ಹಿಂಬದಿಯ ಉಂಡೆ, ಬಂಪರ್ ಬಂದು ಬಾಡಿಗೆ ಸೇರುವ ಮೂಲೆಯಲ್ಲಿ. 25ರಲ್ಲಿ ಅಲ್ಲಿ ಕ್ಲೇ ಪೂರ್ತಿ ಕಿತ್ತುಹೋಗಿ ಟೈರಿಗೆ ಅಂಟಿತ್ತು. ಸ್ಪೀಡ್ ಬ್ರೇಕರ್ ಮೇಲಿನ ಕರ್ರ್ ಸದ್ದಿನ ಜಾಗ ಇದೇ. 20ರಲ್ಲಿ ಕಾಗದದಷ್ಟು ಉಳಿಯಿತು. 15ರಲ್ಲಿ ಉಳಿದ ಕ್ಲೇ ಪದರವನ್ನು ಬ್ಲೇಡಿನಿಂದ ಕತ್ತರಿಸಿ ಅಳೆದರೆ ಬಲಕ್ಕೆ 7, ಎಡಕ್ಕೆ 6 ಮಿ.ಮೀ. ಲೆಕ್ಕವೂ ಕ್ಲೇಯೂ ಒಂದೇ ಮಾತು ಹೇಳಿದವು. ನನಗಂತೂ ತುಂಬಾ ಸಮಾಧಾನವಾಯಿತು.

ಇನ್ನು ಆ ನಡುಕ. ದಪ್ಪ ಜಾಸ್ತಿಯಾದ ಮಾತ್ರಕ್ಕೆ ಸೀಟು ನಡುಗುವುದಿಲ್ಲ. ಹಳೆಯ ಸ್ಪೇಸರ್ ಬಿಚ್ಚಿ ವರ್ನಿಯರ್ ಹಾಕಿದರೆ ನಡುವಿನ ತೂತು 74 ಮಿ.ಮೀ. ಹಲವು ಗಾಡಿಗೆ ಹೊಂದಲಿ ಎಂದು ದೊಡ್ಡದಾಗಿ ಕೊರೆದದ್ದು. ಹಬ್‌ನ ನಡುವೆ ಹೊರಕ್ಕೆ ಚಾಚಿದ ಮೂತಿ 71.6. ಅಂದರೆ ಸ್ಪೇಸರ್ ಎಲ್ಲೆಂದರಲ್ಲಿ ಒಂದು ಮಿ.ಮೀ.ಗೂ ಜಾಸ್ತಿ ಪಕ್ಕಕ್ಕೆ ಕೂರಬಹುದು, ಅದರ ಜೊತೆ ಚಕ್ರವೂ. ಟೈರ್ ಅಂಗಡಿಯಲ್ಲಿ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಇದು ಹೋಗುವುದಿಲ್ಲ. ಬ್ಯಾಲೆನ್ಸ್ ಯಂತ್ರದಲ್ಲಿ ಚಕ್ರ ಸರಿಯಾದ ನಡುವಿನಲ್ಲೇ ಕೂತಿರುತ್ತದೆ, ಗಾಡಿಯಲ್ಲಿ ಕೂತಿರುವುದಿಲ್ಲ.

ಬೋಲ್ಟ್ ನೋಡಿದಾಗ ನನಗೆ ನಿಜವಾಗಿಯೂ ಭಯವಾಯಿತು. ಪೋರ್ಷೆ ಚಕ್ರದ ಬೋಲ್ಟ್ ಕೂರುವ ಗುಳಿ ಗೋಳಾಕಾರದ್ದು. ಕೊಟ್ಟಿದ್ದ ಬೋಲ್ಟ್‌ಗಳ ತಲೆ ಶಂಕುವಿನಾಕಾರದ್ದು, ಬೇರೆ ಗಾಡಿಗಳಿಗೆ ಬರುವಂಥದ್ದು. ಗುಂಡಗಿನ ಗುಳಿಯಲ್ಲಿ ಶಂಕು ಕೂತರೆ ಪೂರ್ತಿ ಮುಖ ತಾಗುವುದಿಲ್ಲ, ತೆಳ್ಳಗೆ ಒಂದು ಉಂಗುರದಷ್ಟು ತಾಗುತ್ತದೆ. ಬಿಗಿ ಮಾಡುವಾಗ ಗಟ್ಟಿಯಾಗಿಯೇ ಅನಿಸುತ್ತದೆ. ಓಡುತ್ತಾ ಓಡುತ್ತಾ ಆ ಗೆರೆ ಅಲ್ಯೂಮಿನಿಯಂನ್ನು ತಿಂದು ಸಡಿಲವಾಗುತ್ತದೆ. ಹಿಂದಿನ ಎಡ ಚಕ್ರದ ಎರಡು ಗುಳಿಗಳಲ್ಲಿ ಹೊಳೆಯುವ ಉಂಗುರ ಆಗಲೇ ಮೂಡಿತ್ತು. ಬೆರಳಾಡಿಸಿದರೆ ಅಂಚು ಉಗುರಿಗೆ ಸಿಗುತ್ತಿತ್ತು. ಅದೃಷ್ಟಕ್ಕೆ ಆಳಕ್ಕೆ ಇಳಿದಿರಲಿಲ್ಲ, ಚಕ್ರ ಉಳಿಯಿತು. ಹೆದ್ದಾರಿಯಲ್ಲಿ ಬಿಚ್ಚಿಕೊಂಡಿದ್ದರೆ ಮಾತೇ ಬೇರೆ.

ಹೊಸದಾಗಿ ಎಚ್ ಅಂಡ್ ಆರ್ ಕಂಪನಿಯ 15 ಮಿ.ಮೀ. ಜೋಡಿ ತರಿಸಿದೆವು. ಐಬಾಕ್ ಕೂಡ ಆಗುತ್ತಿತ್ತು, ಎರಡೂ ಜರ್ಮನಿಯವು. ಒಳತೂತು 71.6, ಹೊರಬದಿಗೆ ಚಕ್ರ ಕೂರಲು ಅದೇ ಅಳತೆಯ ಸ್ವಂತ ಮೂತಿ. ಈ ಮೂತಿ ಮುಖ್ಯ. 15 ಮಿ.ಮೀ. ದಪ್ಪದ ಬಿಲ್ಲೆ ಹಬ್‌ನ ಮೂತಿಯನ್ನು ನುಂಗಿಬಿಡುತ್ತದೆ, ಸ್ಪೇಸರ್‌ಗೆ ತನ್ನದೇ ಮೂತಿ ಇಲ್ಲದಿದ್ದರೆ ಚಕ್ರಕ್ಕೆ ನಡುವೆ ಆಸರೆಯೇ ಇರುವುದಿಲ್ಲ. ಸ್ಪೇಸರ್ ಮೇಲೆ ಬೇರೆ ಬೋಲ್ಟ್ ಹಾಕಿ ಚಕ್ರ ಕೂರಿಸುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಬೋಲ್ಟ್ ತಲೆ ಅಡಗುವಷ್ಟು ದಪ್ಪ ಬೇಕು, 15ರಲ್ಲಿ ಅದು ಆಗುವುದಿಲ್ಲ.

ಬೋಲ್ಟ್ ಎಷ್ಟು ಉದ್ದ? ಮೂಲ ಬೋಲ್ಟ್‌ಗಿಂತ ಸರಿಯಾಗಿ 15 ಮಿ.ಮೀ. ಹೆಚ್ಚು, ಗುಂಡಗಿನ ತಲೆಯದ್ದು. ಪಿಚ್ 1.5 ಆದ್ದರಿಂದ ಒಂದು ಸುತ್ತಿಗೆ 1.5 ಮಿ.ಮೀ. ಮೂಲ ಬೋಲ್ಟನ್ನೇ ಬಳಸಿದ್ದರೆ 10 ಸುತ್ತು ಹಿಡಿತ ಹೋಗುತ್ತಿತ್ತು. ಉಕ್ಕಿನ ಬೋಲ್ಟ್ ಉಕ್ಕಿನ ಹಬ್‌ನಲ್ಲಿ ಕಡಿಮೆ ಅಂದರೂ ತನ್ನ ದಪ್ಪದಷ್ಟು ಆಳ ಹಿಡಿದಿರಬೇಕು. ಇಲ್ಲಿ 14 ಮಿ.ಮೀ., ಅಂದರೆ ಒಂಬತ್ತು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಹಾಗಂತ "ಉದ್ದ ಇದ್ದಷ್ಟೂ ಒಳ್ಳೇದು" ಅನ್ನೋದೂ ತಪ್ಪು. ಈ ಗಾಡಿಯ ಹಿಂದಿನ ಡಿಸ್ಕ್‌ನ ಹೊಟ್ಟೆಯೊಳಗೆ ಹ್ಯಾಂಡ್ ಬ್ರೇಕಿನ ಶೂಗಳಿವೆ. ಬೋಲ್ಟ್ ತುದಿ ಅತಿಯಾಗಿ ಹೊರಬಂದರೆ ಅಲ್ಲಿಗೆ ಬಡಿಯಬಹುದು. ಚಕ್ರ ಕೂರಿಸಿ, ಬೋಲ್ಟ್ ಬಿಗಿ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು ಕೈಯಲ್ಲಿ ತಿರುಗಿಸಿ ಕಿವಿಗೊಟ್ಟು ಕೇಳಿದೆವು. ಸದ್ದಿಲ್ಲ.

ಕೂರಿಸುವ ಮೊದಲು ಮಾಡಿದ ಎರಡು ಸಣ್ಣ ಕೆಲಸಗಳು ಸ್ಪೇಸರ್‌ನಷ್ಟೇ ಮುಖ್ಯ. ಡಿಸ್ಕನ್ನು ಹಬ್‌ಗೆ ಹಿಡಿದಿಡುವ ಎರಡು ಸ್ಕ್ರೂ ಇವೆ, ತಲೆ ಡಿಸ್ಕ್‌ನ ಮುಖಕ್ಕೆ ಸಮನಾಗಿ ಇಳಿದಿರಬೇಕು. ಎಡಬದಿಯ ಒಂದರ ತಲೆ ಹಿಂದೆ ಯಾರೋ ಉಳಿಯಲ್ಲಿ ಹೊಡೆದು ಕೆದರಿತ್ತು, ಕೂದಲೆಳೆಯಷ್ಟು ಮೇಲೆದ್ದಿತ್ತು. ಬಿಲ್ಲೆ ಇಟ್ಟು ಒತ್ತಿದರೆ ಕಟಕ್ ಎಂದು ಅಲುಗುತ್ತಿತ್ತು. ಸ್ಕ್ರೂ ಬದಲಿಸಿದೆವು. ಇನ್ನೊಂದು, ಚಕ್ರಗಳಿಗೆ ಮಾರುವ ಮುಂಚೆ ಹೊಸ ಬಣ್ಣ ಹೊಡೆದಿದ್ದರು. ಬೋಲ್ಟ್ ಗುಳಿಯಲ್ಲೂ ಹಬ್‌ಗೆ ತಾಗುವ ಮುಖದಲ್ಲೂ ಬಣ್ಣ ದಪ್ಪಗೆ ಕೂತಿತ್ತು. ಬಣ್ಣ ಒತ್ತಡಕ್ಕೆ ಕುಗ್ಗುತ್ತದೆ, ಬೋಲ್ಟ್ ಬಿಗಿ ಅಷ್ಟರಮಟ್ಟಿಗೆ ಇಳಿಯುತ್ತದೆ. ಎರಡೂ ಕಡೆ ಲೋಹ ಕಾಣುವವರೆಗೆ ತೆಗೆಸಿದೆವು.

ಹಬ್‌ನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮೂತಿಗೆ ಮಾತ್ರ ತೆಳುವಾಗಿ ಪೇಸ್ಟ್ ಸವರಿದೆವು. ಅಲ್ಯೂಮಿನಿಯಂ ಮತ್ತು ಉಕ್ಕು ಪುಣೆಯ ಮಳೆಗಾಲದಲ್ಲಿ ಒದ್ದೆಯಾಗಿ ಒಟ್ಟಿಗಿದ್ದರೆ ಕಚ್ಚಿಕೊಂಡುಬಿಡುತ್ತವೆ, ಆಮೇಲೆ ಸುತ್ತಿಗೆಯಲ್ಲಿ ಹೊಡೆದು ಬಿಡಿಸಬೇಕು. ಬೋಲ್ಟ್‌ನ ದಾರಕ್ಕೆ ಅಲ್ಯೂಮಿನಿಯಂ ಪೇಸ್ಟ್ ಹಚ್ಚಬೇಕೆಂದು ಪೋರ್ಷೆಯೇ ಹೇಳುತ್ತದೆ. ಚಕ್ರಕ್ಕೆ ತಾಗುವ ಗೋಳಾಕಾರದ ಮುಖಕ್ಕೆ ಹಚ್ಚಬಾರದು. ಬಿಗಿ 130 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ. ಗಾಳಿಯ ಗನ್ನನ್ನು ಈ ಗಾಡಿಯ ಹತ್ತಿರ ತರಬೇಡಿ ಎಂದು ಗ್ಯಾರೇಜಿನ ಹುಡುಗರಿಗೆ ಹೇಳಿದ್ದೆ, ಅವರು ಹಾಗೇ ನಡೆದುಕೊಂಡರು.

ಮುಂದಿನ ಚಕ್ರದ ಕಥೆ ಚಿಕ್ಕದು. ಮೂಲ 7 ಇಂಚು, ಇಟಿ 55. ಹೊಸದು ಏಳೂವರೆ ಇಂಚು, ಇಟಿ 50. ಬಾಕ್ಸ್‌ಸ್ಟರ್‌ನ ಸ್ವಂತ 18 ಇಂಚಿನ ಚಕ್ರವೂ ಮುಂದೆ ಇದೇ ಅಳತೆ. ಸ್ಪೇಸರ್ ಅಗತ್ಯವೇ ಇಲ್ಲ. ಅಂಗಡಿಯವರು ಹಾಕಿದ್ದ 15 ಮಿ.ಮೀ. ಸುಮ್ನೆ ನೋಟಕ್ಕೆ. ಮುಂದೆ ಸ್ಪೇಸರ್ ಹಾಕಿದಷ್ಟೂ ಟೈರ್ ನೆಲಕ್ಕೆ ತಾಗುವ ಜಾಗ, ಸ್ಟೀರಿಂಗ್ ತಿರುಗುವ ಅಕ್ಷದಿಂದ ಹೊರಗೆ ಸರಿಯುತ್ತದೆ. ಒಂದು ಕಡೆಯ ಚಕ್ರ ಗುಂಡಿಗೆ ಬಿದ್ದರೆ ಆ ಏಟು ನೇರ ಕೈಗೆ ಬರುತ್ತದೆ. ಬಿಚ್ಚಿ ತೆಗೆದ ಮೇಲೆ ಸ್ಟೀರಿಂಗ್ ಎಳೆತ ನಿಂತಿತು. ಡಾಕ್ಟ್ರಿಗೆ ಬೇಜಾರಾಯಿತು. "ಮುಂದ ಸ್ವಲ್ಪ ಒಳಗ ಹೋದಂಗ ಕಾಣ್ತದಲ್ರಿ?" ಎಂದರು. ಕಾಣುತ್ತದೆ, ನಿಜ. ಪೋರ್ಷೆಯವರು ಅದನ್ನು ಹಾಗೆಯೇ ಕಾಣುವಂತೆ ಮಾಡಿದ್ದಾರೆ, ಅವರಿಗೆ ಸ್ಟೀರಿಂಗ್ ಮುಖ್ಯವಾಗಿತ್ತು. ನನಗೂ ಅದೇ ಮುಖ್ಯ.

ಟೈರ್ ಮುಂದೆ 225/40, ಹಿಂದೆ 265/35 (ಮೊದಲ ಸಂಖ್ಯೆ ಮಿ.ಮೀ.ನಲ್ಲಿ ಅಗಲ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು). ಈ ಗಾಡಿಯ 18 ಇಂಚಿಗೆ ಕಂಪನಿಯೇ ಹೇಳಿದ ಅಳತೆಗಳು. ಎತ್ತರ ಹೆಚ್ಚುಕಡಿಮೆ ಹಳೆಯದೇ: ಮುಂದೆ ಅರ್ಧ ಮಿ.ಮೀ. ವ್ಯತ್ಯಾಸವೂ ಇಲ್ಲ, ಹಿಂದೆ 7 ಮಿ.ಮೀ. ಹೆಚ್ಚು. ಹಾಗಾಗಿ ಎಬಿಎಸ್‌ಗೆ ತೊಂದರೆ ಇಲ್ಲ. ಆದರೆ ಮುಂದಿನ ಟೈರಿನ ಪಕ್ಕದ ಗೋಡೆ 102ರಿಂದ ಸುಮಾರು 90ಕ್ಕೆ ಇಳಿದಿದೆ. ನಮ್ಮ ಗುಂಡಿಗಳಿಗೆ ಆ 12 ಮಿ.ಮೀ. ಬೇಕಿತ್ತು. ನನ್ನ ಸ್ವಂತ ಗಾಡಿಯಾಗಿದ್ದರೆ 17 ಇಂಚಿನಲ್ಲೇ ಉಳಿಯುತ್ತಿದ್ದೆ, ಅದನ್ನು ಡಾಕ್ಟ್ರಿಗೂ ಹೇಳಿದ್ದೇನೆ. ಗಾಡಿ ಅವರದು.

ಕಾನೂನಿನ ಮಾತು ಬಿಡುವ ಹಾಗಿಲ್ಲ. ನೋಂದಣಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಟೈರ್ ಕಮಾನಿನಿಂದ ಹೊರಗೆ ಇಣುಕುವಂತೆ ಮಾಡಿಸಿಕೊಂಡವರು ತೊಂದರೆಯನ್ನು ಕರೆದು ಕೂರಿಸಿಕೊಂಡ ಹಾಗೆ. ಇಲ್ಲಿ ಟೈರ್ ಕಂಪನಿ ಹೇಳಿದ ಅಳತೆಯದು, ಪೂರ್ತಿ ಕಮಾನಿನೊಳಗೇ ಇದೆ. ಆದರೂ ಚಕ್ರ ಮತ್ತು ಸ್ಪೇಸರ್ ವಿವರ ಬರೆದು ಇನ್ಶೂರೆನ್ಸ್ ಕಂಪನಿಗೆ ಕಳಿಸಲು ಹೇಳಿದೆ. ಅಪಘಾತವಾದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಎಲ್ಲ ಆದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ ಸಾತಾರಾ ಕಡೆ ಹೊರಟೆವು. ಶಿರವಳದಲ್ಲಿ ಚಹಾಕ್ಕೆ ನಿಲ್ಲಿಸಿ, ಚಕ್ರ ತಣ್ಣಗಾದ ಮೇಲೆ ಮತ್ತೆ ಟಾರ್ಕ್ ರೆಂಚ್ ಹಾಕಿದೆವು. ಹಿಂದಿನ ಹತ್ತರಲ್ಲಿ ಎರಡು ಬೋಲ್ಟ್ ಸ್ವಲ್ಪವೇ ತಿರುಗಿದವು, ಉಳಿದವು ಅಲುಗಲಿಲ್ಲ. ವಾಪಸ್ ಬಂದಾಗ ಮತ್ತೊಮ್ಮೆ ನೋಡಿದರೆ ಯಾವುದೂ ತಿರುಗಲಿಲ್ಲ. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಸದ್ದಿಲ್ಲ, ನೇರ ರಸ್ತೆಯಲ್ಲಿ ಸೀಟು ನಡುಗಲಿಲ್ಲ. ಡಾಕ್ಟ್ರು ಇಡೀ ದಾರಿ ನಗುತ್ತಲೇ ಇದ್ದರು.

ಈ ಗಾಡಿಯಲ್ಲಿ ಸ್ಟೆಪ್ನಿ ತೆಳ್ಳಗಿನದು, ಮುಂದಿನ ಡಿಕ್ಕಿಯಲ್ಲಿದೆ. ಹಿಂದಿನ ಟೈರ್ ಪಂಕ್ಚರ್ ಆದರೆ ಸ್ಪೇಸರ್ ತೆಗೆದು, ಮೂಲ ಗಿಡ್ಡ ಬೋಲ್ಟ್ ಹಾಕಿಯೇ ಸ್ಟೆಪ್ನಿ ಕೂರಿಸಬೇಕು. ಅದಕ್ಕೆ ಐದು ಮೂಲ ಬೋಲ್ಟ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಸ್ಟೆಪ್ನಿಗೇ ಕಟ್ಟಿದ್ದೇವೆ. ಡಬ್ಬಿಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆದಿದೆ. ಮುಂದಿನ ಬೋಲ್ಟ್ ಗಿಡ್ಡ, ಹಿಂದಿನದು ಉದ್ದ. ಪಂಕ್ಚರ್ ಅಂಗಡಿಯಲ್ಲಿ ನಾಲ್ಕೂ ಚಕ್ರ ಬಿಚ್ಚಿ ಬೋಲ್ಟ್‌ಗಳನ್ನು ಒಂದೇ ತಟ್ಟೆಗೆ ಸುರಿಯುವುದು ಸಾಮಾನ್ಯ, ಹಾಗಾಗಿ ಉದ್ದದ ಬೋಲ್ಟ್‌ಗಳ ತಲೆಗೆ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದೇವೆ.

ಡಾಕ್ಟ್ರು ಮುಂದಕ್ಕೆ 5 ಮಿ.ಮೀ. ಆದರೂ ಹಾಕೋಣ ಎಂಬ ಆಸೆ ಬಿಟ್ಟಿಲ್ಲ. ಮುಂದಿನ ಸಸ್ಪೆನ್ಷನ್ ಆರ್ಮ್‌ಗಳ ಬುಷ್ ಹಳೆಯವು, ಅವನ್ನು ಬದಲಿಸುವುದು ಮೊದಲು. ಬುಷ್ ಬಂದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರದ ಕಮಾನಿನ ಒಳಗಿನ ಲೈನರ್‌ಗೆ ಕ್ಲೇ ಅಂಟಿಸಿ ಅಳೆಯುತ್ತೇವೆ. ಅಲ್ಲಿಯವರೆಗೆ ಮುಂದೆ ಸೊನ್ನೆ.